ರೈಟಣ್ಣನ ಸೀಟಿಗೆ ನಿಲ್ಲದ ಹಕ್ಕಿಗಳು

ನಮ್ಮ ಕಟ್ಟಡದ ಮೆಟ್ಟಿಲ ಬಳಿ ನಿವಾಸಿಗಳ ಸಂಘವು ಒಂದು ಫಲಕವನ್ನು ತೂಗುಹಾಕಿದೆ. ‘ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಪಾರಿವಾಳಗಳಿಗೆ ಯಾರೂ ಕಾಳು ಹಾಕಕೂಡದು’ ಎಂಬುದು ಅದರ ಒಕ್ಕಣೆ. ಕಾಳು ಹಾಕಬೇಕೋ ಬೇಡವೋ ಎಂಬುದು ಅಭಿಪ್ರಾಯದ ಮಾತು. ಅದಕ್ಕಾಗಿ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಅವರು ಹಕ್ಕಿಗಳನ್ನು ಬಿಟ್ಟುಹೋದರು ಎಂಬುದು ಸಂಗತಿಯ ಮಾತು, ಮತ್ತು ಆ ಸಂಗತಿ ಶುದ್ಧ ಸುಳ್ಳು. ಯಾರು ಯಾರನ್ನು ಬಿಟ್ಟುಹೋದರು ಎಂದು ಸರಿಯಾಗಿ ಬಲ್ಲವನು ಇಲ್ಲಿ ನಾನೊಬ್ಬನೇ. ಆದ್ದರಿಂದ ಆ ಮನುಷ್ಯನ ವೃತ್ತಾಂತವನ್ನು ನಡೆದದ್ದು ನಡೆದಂತೆ ಬರೆದಿಡುತ್ತಿದ್ದೇನೆ.

ಬೀದಿಯವರೆಲ್ಲ ಅವರನ್ನು ರೈಟಣ್ಣ ಎಂದು ಕರೆಯುತ್ತಿದ್ದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ‘ರೈಟ್, ರೈಟ್’ ಎಂದು ಕೂಗಿ ಕೂಗಿ ಆ ಮಾತು ಅವರ ನಾಲಿಗೆಗೆ ಅಂಟಿಕೊಂಡಿತ್ತು. ತರಕಾರಿಯವಳು ತೂಕ ಮುಗಿಸಿದರೂ ರೈಟ್, ಕ್ಷೌರದವನು ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದರೂ ರೈಟ್. ಆಸ್ಪತ್ರೆಯಲ್ಲಿ ವೈದ್ಯರು ಹೊರಬಂದು, ನಿಮ್ಮ ಹೆಂಡತಿ ಹೋಗಿಬಿಟ್ಟರು ಎಂದಾಗಲೂ ಅವರ ಬಾಯಿಂದ ಬಂದದ್ದು ಅದೊಂದೇ ಶಬ್ದ. ವೈದ್ಯರು ಬೆಚ್ಚಿದರಂತೆ. ಬೆಚ್ಚಬೇಕಾದದ್ದೇನೂ ಇರಲಿಲ್ಲ. ದುಃಖ ಮೈಮೇಲೆ ಬಿದ್ದಾಗ ಕೆಲವರ ಕೈಗೆ ಸಿಗುವುದು ಕಸುಬಿನ ಮಾತೊಂದೇ.

ಮಕ್ಕಳಿರಲಿಲ್ಲ. ಹೆಂಡತಿ ಹೋದ ಮೇಲೆ ಅವರು ನಮ್ಮ ತಾರಸಿಯ ಒಂಟಿ ಕೋಣೆಗೆ ಬಂದರು. ಒಂದು ಮಂಚ, ಒಂದು ಸ್ಟೌ, ಮೊಳೆಗೆ ತೂಗಿದ ಖಾಕಿ ಕೋಟು, ಅದರ ಜೇಬಿನಲ್ಲಿ ದಾರ ಕಟ್ಟಿದ ಸೀಟಿ. ಅಷ್ಟೇ ಸಂಸಾರ. ಮೊದಲ ಜೋಡಿ ಪಾರಿವಾಳವನ್ನು, ಇನ್ನೂ ಹಾರಲು ಬಾರದ ಮರಿಗಳಾಗಿದ್ದಾಗ, ಅವರು ತಂದದ್ದು ಚಂದಕ್ಕಲ್ಲ, ಬೆಳಗ್ಗೆ ಎದ್ದ ಕೂಡಲೇ ಯಾರಿಗಾದರೂ ತಮ್ಮಿಂದ ಕೆಲಸವಿರಬೇಕು ಎಂಬುದಕ್ಕೆ.

ಗೂಡನ್ನು ಗುಜರಿಗೆ ಬಿದ್ದ ಬಸ್ಸಿನ ಕಿಟಕಿ ಚೌಕಟ್ಟುಗಳಿಂದ ಕಟ್ಟಿದ್ದರು. ಖಾನೆಗಳಿಗೆ ಸೀಟಿನ ನಂಬರು. ಮೊಟ್ಟೆಯಿಡುವ ಖಾನೆಗಳ ಮೇಲೆ ಹಳೆಯ ಬಸ್ಸಿನದೇ ಒಂದು ತಗಡು: ‘ಮಹಿಳೆಯರಿಗೆ ಮಾತ್ರ’. ಒಂದು ಮಧ್ಯಾಹ್ನ ಅಲ್ಲಿ ಗಂಡು ಹಕ್ಕಿ ಕಾವು ಕೂತಿರುವುದನ್ನು ನಾನು ಎತ್ತಿ ತೋರಿಸಿದೆ. ಸಂಗತಿ ಸಂಗತಿಯೇ.

“ಅವನದು ಹಗಲು ಡ್ಯೂಟಿ ಸಾರ್, ಅವಳದು ರಾತ್ರಿ ಡ್ಯೂಟಿ,” ಎಂದರು ರೈಟಣ್ಣ. “ಇಂಥವನಿಗೆ ಫೈನ್ ಹಾಕೋಕಾಗುತ್ತಾ? ನಾನೇ ಮನೇಲಿ ಇಷ್ಟು ಮಾಡಿದ್ದಿದ್ರೆ ನಮ್ಮವಳು ಇನ್ನೊಂದಿಷ್ಟು ದಿನ ಇರ್ತಿದ್ದಳೋ ಏನೋ.”

ಬೆಳಗ್ಗೆ ಗಾರೆಯವರ ಕರಣಿಯಿಂದ ಹಿಕ್ಕೆ ಕೆರೆದು, ಮಣ್ಣಿನ ಬಟ್ಟಲುಗಳನ್ನು ತೊಳೆದು, ನೀರು ಬದಲಿಸುತ್ತಿದ್ದರು. ಮೊಟ್ಟೆಯ ಚಿಪ್ಪನ್ನೂ ಇಟ್ಟಿಗೆಯ ಚೂರನ್ನೂ ಕುಟ್ಟಿ ಕಾಳಿನ ಪಕ್ಕದಲ್ಲಿಡುತ್ತಿದ್ದರು. ಹಕ್ಕಿಯ ಹೊಟ್ಟೆಯಲ್ಲಿ ಕಾಳು ಅರೆಯಲು ಕಲ್ಲು ಬೇಕು. ಆಮೇಲೆ ಕಿಟಕಿಗಳನ್ನು ಸರಿಸಿ ಎರಡು ಸೀಟಿ. ಬಸ್ಸಿಗೆ ಹೇಗೋ ಹಕ್ಕಿಗೂ ಹಾಗೆ: ಎರಡಕ್ಕೆ ಹೊರಡಬೇಕು, ಒಂದಕ್ಕೆ ನಿಲ್ಲಬೇಕು. ಗುಂಪು ಎದ್ದು ಬೀದಿಯ ಮೇಲೆ ಸುತ್ತುತ್ತಿತ್ತು. ಒಂದು ಸೀಟಿ ಬಿದ್ದರೆ, ಆಕಾಶದಿಂದ ಯಾರೋ ಬಟ್ಟೆ ಕೊಡವಿದಂತೆ ಸದ್ದು ಮಾಡುತ್ತ ಇಳಿಯುತ್ತಿತ್ತು. ಆ ಹೊತ್ತು ಅವರ ಮುಖ ನೋಡಬೇಕಿತ್ತು. ತುಂಬಿದ ಬಸ್ಸಿನ ಕಂಡಕ್ಟರನ ಮುಖ ಅದು.

ಹಕ್ಕಿಗಳಿಂದ ನೀರು ಕೆಟ್ಟಿತು ಎಂದು ಸಂಘದವರು ದೂರಿದರು. ಕೊಳಾಯಿಯ ನೀರಿನಲ್ಲಿ ಪುಕ್ಕ ಬಂದದ್ದು ನಿಜ. ಆದರೆ ತಾರಸಿಯ ಟ್ಯಾಂಕಿನ ಮುಚ್ಚಳ ಒಡೆದದ್ದು ರೈಟಣ್ಣ ಬರುವುದಕ್ಕೂ ಮೊದಲು. ಇದನ್ನು ಸಂಘದ ಸಭೆಯಲ್ಲಿ ನಾನು ಎದ್ದುನಿಂತು ಹೇಳಿದೆ.

“ಸಾರ್, ನಿಮ್ಮದು ಯಾವಾಗ್ಲೂ ಮುಚ್ಚಳದ ಪುರಾಣ,” ಎಂದ ಕಾರ್ಯದರ್ಶಿ. ಆತ ಕುರ್ಚಿ-ಮೇಜಿನ ವ್ಯಾಪಾರಿ, ಎಲ್ಲರನ್ನೂ ಬೇಗ ಕೂರಿಸಿಬಿಡುವ ಅಭ್ಯಾಸ. ನನ್ನನ್ನು ಕೂರಿಸಿ ರೈಟಣ್ಣನ ಕಡೆ ತಿರುಗಿದ. “ನೋಡಿ ರೈಟಣ್ಣ, ನೀವಿರಿ, ನೂರು ವರ್ಷ ಇರಿ. ಹಕ್ಕಿ ಮಾತ್ರ ಬೇಡ.”

“ಬಸ್ಸಿರಲಿ, ಪ್ಯಾಸೆಂಜರ್ ಬೇಡ ಅಂದಂಗಾಯ್ತಲ್ಲ ಸ್ವಾಮಿ,” ಎಂದರು ರೈಟಣ್ಣ.

ಎಲ್ಲರೂ ನಕ್ಕರು. ನಕ್ಕವರೆಲ್ಲ ಹಕ್ಕಿ ಬೇಡವೆಂದು ಕೈಯನ್ನೂ ಎತ್ತಿದರು. ಮುಚ್ಚಳದ ಬಗ್ಗೆ ಒಂದು ಕೈಯೂ ಏಳಲಿಲ್ಲ.

ಪಕ್ಕದ ಊರಿನಲ್ಲಿ ರೈಟಣ್ಣನ ತಂಗಿಯಿದ್ದರು. ವಿಧವೆ, ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಬಾಯಿ ಜೋರು. ‘ನಿನ್ನ ಪರಿವಾರ ಕಟ್ಟಿಕೊಂಡು ಬಾ’ ಎಂದು ಅವರೇ ಕರೆದರು. ರೈಟಣ್ಣ ಗೂಡು ಬಿಚ್ಚಿ ಚೌಕಟ್ಟುಗಳನ್ನು ಸರಕಿನ ಆಟೋಗೆ ಏರಿಸಿದರು. ಹಕ್ಕಿಗಳನ್ನು ಬುಟ್ಟಿಗೆ ತುಂಬುತ್ತ ನನಗೆ ತಮ್ಮ ಅಂಜಿಕೆ ಹೇಳಿದರು. ಪಾರಿವಾಳವು ಮೊದಲು ಹಾರಿದ ಮನೆಯನ್ನು ಮರೆಯುವುದಿಲ್ಲ. ಬೇರೆಡೆ ಬಿಟ್ಟರೆ ಹಿಂದಿರುಗುತ್ತದೆ.

“ಆದ್ರೆ ಇವು ನನ್ನ ಸೀಟಿ ಕೇಳ್ಕೊಂಡು ಬೆಳೆದವು ಸಾರ್. ಸೀಟಿ ಎಲ್ಲೋ ಅಲ್ಲೇ ನಿಲ್ತವೆ.” ಬುಟ್ಟಿಯ ಬಾಯಿಗೆ ಹಗ್ಗ ಬಿಗಿದು, ತಲೆಯೆತ್ತದೆ ಮುಂದುವರಿಸಿದರು: “ಎಲ್ಲಾ ಬೇಡ. ಒಂದು ಹಕ್ಕಿ, ಒಂದೇ ಒಂದು, ತಾನಾಗಿ ನನ್ನ ಜೊತೆ ನಿಂತ್ರೂ ಸಾಕು. ಗೋಡೆ ಜೊತೆ ಮಾತಾಡೋದು ನನಗೆ ಬರಲ್ಲ.”

ಮುಂದಿನದನ್ನು ತಂಗಿಯವರೇ ನನಗೆ ತಿಳಿಸಿದ್ದಾರೆ. ಅವರ ತಾರಸಿಯ ಮೇಲೆ ಗೂಡು ಎದ್ದಿತು. ಹೊಸ ಆಕಾಶ ಕಣ್ಣಿಗೆ ಒಗ್ಗಲಿ ಎಂದು ರೈಟಣ್ಣ ಹಕ್ಕಿಗಳನ್ನು ಬಲೆಯೊಳಗೆ ಇರಿಸಿ, ಕಾಳು ಹಾಕುವಾಗಲೆಲ್ಲ ಒಂದು ಸೀಟಿ ಊದುತ್ತಿದ್ದರು. “ಏನಣ್ಣಾ, ನನ್ನ ತಾರಸೀನ ಡಿಪೋ ಮಾಡ್ಬಿಟ್ಟೆ. ನಾಳೆ ನನಗೂ ಟಿಕೆಟ್ ಹರೀತೀಯಾ?” ಎಂದು ತಂಗಿ ರೇಗಿಸುತ್ತಿದ್ದರು. ಒಂದು ಜೋಡಿ ಮೊಟ್ಟೆಯಿಟ್ಟಿತು. ಒಂದು ಮೊಟ್ಟೆ ಬರಡಾಗಿ, ಇನ್ನೊಂದು ಮರಿಯಾಯಿತು. ಗೂಡಿನಲ್ಲಿ ಮರಿಯಿರುವ ತಾಯಿ ಎಲ್ಲಿಗೂ ಹೋಗುವುದಿಲ್ಲ ಎಂದು ರೈಟಣ್ಣನಿಗೆ ಧೈರ್ಯ ಬಂತು. ಬಲೆ ತೆಗೆದು ಎರಡು ಸೀಟಿ ಊದಿದರು.

ಹಕ್ಕಿಗಳು ಎದ್ದವು, ಸುತ್ತಿದವು, ಸುತ್ತನ್ನು ಹಿಗ್ಗಿಸಿದವು. ಒಂದು ಸೀಟಿ ಬಿತ್ತು. ಇಳಿಯಲಿಲ್ಲ. ಮತ್ತೊಂದು. ಗುಂಪು ವಾಲಿ, ನೇರವಾಗಿ, ನಮ್ಮ ಊರಿನ ದಿಕ್ಕಿಗೆ ಹೊರಟಿತು. ಮರಿಯ ತಾಯಿ ಮಾತ್ರ ಗೂಡಿನ ಮೇಲೆ ಒಂದು ಸುತ್ತು ಹೆಚ್ಚು ಹಾಕಿತು. ಆಮೇಲೆ ಅದೂ ಹೋಯಿತು. ರೈಟಣ್ಣ ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದರು. ಕೊನೆಗೆ ತಂಗಿಯವರೇ ಅಣ್ಣನ ಬಾಯಿಂದ ಸೀಟಿ ತೆಗೆದರಂತೆ.

“ಎಲ್ಲಾ ಇಳಿದ್ಹೋದ್ರಲ್ಲೋ ಅಣ್ಣಾ.”

“ಪ್ಯಾಸೆಂಜರ್ ಬರೋದು ಸ್ಟಾಪಿಗೆ ಕಣೇ, ಕಂಡಕ್ಟರ್‌ಗಲ್ಲ,” ಎಂದರು ರೈಟಣ್ಣ. “ಇಷ್ಟು ವರ್ಷ ಸೀಟಿ ಊದಿದವನು ನಾನು. ನನಗೇ ಗೊತ್ತಾಗಲಿಲ್ಲ ನೋಡು.”

ಅಂದು ಸಂಜೆ ಹಕ್ಕಿಗಳು ನಮ್ಮ ತಾರಸಿಯ ಅಂಚಿನ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ಗೂಡಿದ್ದ ಜಾಗದಲ್ಲಿ ನಾಲ್ಕು ಕಾಲುಗಳ ಗುರುತು, ಅದರ ಮೇಲೆ ಬಟ್ಟೆ ಒಣಗಿಸುವ ತಂತಿ. ಹಕ್ಕಿಗಳು ಆ ಗುರುತಿನ ನಡುವೆ ಇಳಿದು ಓಡಾಡಿ ಮತ್ತೆ ಗೋಡೆಗೆ ಹಾರುತ್ತಿದ್ದವು. ನಾನು ಫೋನು ಮಾಡಿದೆ. ಮರುದಿನ ರೈಟಣ್ಣ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಖಾಲಿ ಬುಟ್ಟಿ. ತಾರಸಿಯಲ್ಲಿ ನಿಂತು ಒಂದು ಸೀಟಿ ಊದಿದ್ದೇ ತಡ, ಎಲ್ಲವೂ ಅವರ ಕಾಲ ಸುತ್ತ ಇಳಿದವು. ತಾಯಿ ಹಕ್ಕಿ ಕೈಮೇಲೆಯೇ ಬಂದು ಕೂತಿತು.

“ಸರಿ, ಹಿಡ್ಕೊಂಡು ಹೊರಡಿ ಮತ್ತೆ,” ಎಂದ ಹಿಂದೆಯೇ ಮೇಲೇರಿ ಬಂದಿದ್ದ ಕಾರ್ಯದರ್ಶಿ.

“ಮತ್ತೆ ಬಿಟ್ರೆ ಮತ್ತೆ ಬರ್ತವೆ ಸ್ವಾಮಿ. ಅವಕ್ಕೆ ಇದೇ ಸ್ಟಾಪು. ಮೂಲೇಲಿ ಒಂದು ಪೆಟ್ಟಿಗೆ ಇಡೋಕೆ ಬಿಡಿ, ವಾರ ವಾರ ನಾನೇ ಬಂದು ತೊಳೆದು ಹೋಗ್ತೀನಿ.”

“ಆಗಲ್ಲ. ಒಬ್ಬರಿಗೆ ಬಿಟ್ರೆ ನಾಳೆ ಇನ್ನೊಬ್ಬರು ಎಮ್ಮೆ ಕಟ್ತಾರೆ.”

ತಾರಸಿಯ ಮೇಲೆ ಎಮ್ಮೆ ಏರಿದ ದಾಖಲೆ ನಮ್ಮ ಕಟ್ಟಡದಲ್ಲಿಲ್ಲ. ಇದನ್ನೂ ನಾನು ಅಲ್ಲಿಯೇ ಹೇಳಿದೆ. ಪ್ರಯೋಜನವಾಗಲಿಲ್ಲ. ಕಾರ್ಯದರ್ಶಿ ಇಳಿದುಹೋದ ಮೇಲೆ, ಗೂಡಿನ ಬಾಗಿಲು ತೆರೆಯದೆ ಸಾಕಬಹುದಲ್ಲ, ತಾಯಿಯನ್ನಾದರೂ ಒಯ್ಯಿರಿ ಎಂದೆ.

ರೈಟಣ್ಣ ಹಕ್ಕಿಯ ಕತ್ತನ್ನು ಬೆರಳಿಂದ ಸವರುತ್ತ ಹೇಳಿದರು: “ಬಾಗಿಲು ಹಾಕಿಟ್ರೆ ಇರ್ತಾಳೆ ಸಾರ್. ಹಾಕಿಟ್ಟುಕೊಂಡದ್ದನ್ನ ಜೊತೆ ಅಂತಾರಾ?”

ತಂದಿದ್ದ ಕಾಳನ್ನೆಲ್ಲ ಸುರಿದರು. ಇನ್ನೂ ಕೂರಬಹುದಿತ್ತು, ಆದರೆ ತಂಗಿಯ ಮನೆಯಲ್ಲಿ ಮೈಮೇಲಿನ ಹಳದಿ ಕೂದಲು ಉದುರದ ಆ ಮರಿ ಹಸಿದಿತ್ತು, ನೆನೆಸಿದ ಕಾಳನ್ನು ಅದರ ಕೊಕ್ಕು ಬಿಡಿಸಿ ತಿನ್ನಿಸಲು ಇವರೇ ಆಗಬೇಕಿತ್ತು. ಎದ್ದು ಎರಡು ಸೀಟಿ ಊದಿದರು. ಗುಂಪು ಹಾರಿತು. ಅವರು ತಿರುಗಿ ನೋಡದೆ ಮೆಟ್ಟಿಲು ಇಳಿದರು. ಅಂದಿನಿಂದ ತಿಂಗಳಿಗೊಂದು ಕಾಳಿನ ಚೀಲ ಬಸ್ಸಿನಲ್ಲಿ ನನ್ನ ಹೆಸರಿಗೆ ಬರುತ್ತಿದೆ. ಅದು ಎಲ್ಲಿ ಖರ್ಚಾಗುತ್ತದೆ ಎಂದು ಸಂಘದವರು ಕೇಳಿದರೆ ನಾನು ಸುಳ್ಳು ಹೇಳುವವನಲ್ಲ. ಅವರು ಇನ್ನೂ ಕೇಳಿಲ್ಲ. ಇದಕ್ಕೆ ಬಿಟ್ಟುಹೋಗುವುದು ಎನ್ನುತ್ತಾರೆಯೇ?

ಮರಿ ಬದುಕಿತು. ಅದು ಮೊದಲ ಬಾರಿ ರೆಕ್ಕೆ ಬಿಚ್ಚಿದ ದಿನ ರೈಟಣ್ಣ ಸೀಟಿಯನ್ನು ಕೋಟಿನ ಜೇಬಿಗೆ ಹಾಕಿ, ಮೇಲೆ ಕೈ ಒತ್ತಿ ಹಿಡಿದುಕೊಂಡಿದ್ದರಂತೆ. ಹಕ್ಕಿ ನೆರೆಮನೆಯ ಟ್ಯಾಂಕಿನ ಮೇಲೆ ಕೂತು, ಬಹಳ ಹೊತ್ತು ಸುತ್ತ ನೋಡಿ, ಯಾರೂ ಕರೆಯದೆ ಹಿಂದಿರುಗಿತು.

“ನಿಂತಿತಲ್ಲೋ ಅಣ್ಣಾ!” ಎಂದರು ತಂಗಿ. “ಇನ್ನು ಇದಕ್ಕೊಂದು ಜೊತೆ ತಂದುಬಿಡು.”

“ತಂದದ್ದು ಅದರ ಮನೆಗೆ ಹೋಗುತ್ತೆ ಕಣೇ.”

ಕಳೆದ ತಿಂಗಳು ನಾನು ಹೋಗಿ ಕಣ್ಣಾರೆ ಕಂಡೆ. ನಂಬರು ಬರೆದ ಅಷ್ಟೂ ಖಾನೆಗಳಲ್ಲಿ ಒಂದು ತುದಿಗೆ ಆ ಹಕ್ಕಿ ಕೂತಿತ್ತು. ರೈಟಣ್ಣ ಕರಣಿ ಹಿಡಿದು ಅದರ ಖಾನೆಯನ್ನು ಕೆರೆದರು. ಆಮೇಲೆ, ಹಿಕ್ಕೆಯಿಲ್ಲದ, ಧೂಳು ಕೂತ ಉಳಿದ ಖಾನೆಗಳನ್ನೂ ಒಂದೊಂದಾಗಿ ಒರೆಸಿ, ಕಿಟಕಿಗಳನ್ನೆಲ್ಲ ಸರಿಸಿ ತೆರೆದಿಟ್ಟರು.

“ರೈಟ್,” ಎಂದರು, ಮೆಲ್ಲಗೆ. ಹಕ್ಕಿ ಕೂತಲ್ಲೇ ಕೂತಿತ್ತು.