ಊದುಬತ್ತಿ ಮನೆಯ ನಿಪ್ಪಟ್ಟು

ಕೆಸರೆಯ ಚಾಮುಂಡೇಶ್ವರಿಗೆ ತನ್ನ ಕೈರುಚಿಯ ಬಗ್ಗೆ ಜಂಬವಿತ್ತು, ಇರಬೇಕಾದದ್ದೇ. ಹಗಲೆಲ್ಲ ಊದುಬತ್ತಿ ಹೊಸೆದು, ಸಂಜೆ ಒಲೆಯ ಮೇಲೆ ಬಾಣಲೆ ಇಟ್ಟು ಸಂಸಾರವನ್ನು ದಡ ಮುಟ್ಟಿಸಿದ ಹೆಂಗಸು. ಲಕ್ಷ್ಮೀಪುರಂನ ಪಾರ್ವತಮ್ಮನವರು ಮಗಳ ಮದುವೆಗೆ ನಿಪ್ಪಟ್ಟು ಬೇಕೆಂದಾಗ ಮಾದರಿಗೆ ಒಂದು ಕವರ್ ಕಳಿಸಿ, ಆರ್ಡರ್ ತನ್ನದೇ ಎಂದು ಆರಾಮಾಗಿದ್ದಳು.

ಪಾರ್ವತಮ್ಮನವರ ಫೋನ್ ಬಂತು. "ಗರಿಗರಿಯಾಗಿದೆ ಕಣಮ್ಮ. ಆದ್ರೆ ದೇವರ ಮನೇಲಿ ಕೂತು ತಿಂದ ಹಾಗಾಯ್ತು, ಬರೀ ಗಂಧದ ವಾಸ್ನೆ. ಬೀಗರಿಗೆ ಇದನ್ನ ಹೇಗೆ ಕೊಡ್ಲಿ?"

ಚಾಮುಂಡೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಮಾದರಿಯ ಜೊತೆಗೇ ತುಂಬಿ ಊದುಬತ್ತಿಯ ಪಕ್ಕ ಇಟ್ಟಿದ್ದ ಇನ್ನೊಂದು ಕವರ್ ಒಡೆದು ಮೂಸಿದಳು. ಇಂಗಿನ ಘಮ ಬಿಟ್ಟರೆ ಬೇರೇನೂ ಇಲ್ಲ. ಗಂಡ ಮಹದೇವು ಮೂಸಿದ, ಅವನಿಗೂ ಏನೂ ತಿಳಿಯಲಿಲ್ಲ. ಆದರೂ ಕವರೇನಾದರೂ ತೂತಾಗಿದೆಯೋ ಎಂದು ಮತ್ತೊಂದನ್ನು ಬಕೆಟ್ ನೀರಿನಲ್ಲಿ ಅದುಮಿ ಹಿಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ಆವಮ್ಮಂಗೆ ಬ್ಯಾಡ ಅಂದ್ರೆ ನೇರವಾಗಿ ಹೇಳ್ಬುಡ್ಲಿ," ಎಂದ ಮಹದೇವು.

ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನ ಓದುತ್ತಿದ್ದ ಮಗಳು ವರ್ಷಿಣಿ ಹಾಸ್ಟೆಲಿನಿಂದ ಆಗಷ್ಟೇ ಮನೆಗೆ ಬಂದವಳು ನಿಪ್ಪಟ್ಟು ಮೂಸಿ ನಕ್ಕಳು. "ಗಂಧ ಹೊಡೀತಿದೆ ಕಣಮ್ಮ. ನಿಮ್ಮಿಬ್ರ ಮೂಗು ಅದಕ್ಕೆ ಒಗ್ಗೋಗಿದೆ ಅಷ್ಟೇ. ತೂತೇನೂ ಬೇಕಾಗಿಲ್ಲ. ಈ ಪ್ಲಾಸ್ಟಿಕ್ ಅಂದ್ರೆ ಉದ್ದುದ್ದ ಎಳೆ ಹೆಣ್ಕೊಂಡಿರೋದು, ಒತ್ತುಶ್ಯಾವಿಗೆ ತರ. ಗಂಧದ ಆವಿ ಅದ್ರೊಳಕ್ಕೆ ಕರಗಿ, ಎಳೆಗಳ ಸಂದೀಲೇ ನುಸುಳ್ಕೊಂಡು ಆ ಕಡೆ ಬಂದ್ಬುಡುತ್ತೆ. ಗುಳ್ಳೆ ಏಳೋ ಅಷ್ಟು ಜೋರಾಗಲ್ಲ, ನಿಧಾನಕ್ಕೆ."

ಇಷ್ಟು ವರ್ಷ ಅನ್ನ ಕೊಟ್ಟ ಗಂಧವೇ ಮಾನ ಕಳೆಯಿತಲ್ಲ ಎಂದು ಚಾಮುಂಡೇಶ್ವರಿಗೆ ಸಂಕಟವಾಯಿತು. ಆದರೆ ಕಣ್ಣೀರು ಹಾಕುತ್ತ ಕೂರುವ ಜಾಯಮಾನ ಅವಳದಲ್ಲ. ಪಾರ್ವತಮ್ಮನವರಿಗೆ ತಾನೇ ಫೋನ್ ಮಾಡಿದಳು. "ತಪ್ಪು ನಮ್ದೇ ಕಣ್ರಮ್ಮ. ಇನ್ನೊಂದ್ಸಲ ತತ್ತೀನಿ. ಆಗ್ಲೂ ಒಪ್ಪಿಗೆ ಆಗ್ನಿಲ್ಲ ಅಂದ್ರೆ ಬೇರೆಯವ್ರಿಗೆ ಹೇಳ್ಬುಡಿ."

ಈ ಸಲ ನಿಪ್ಪಟ್ಟು ಬೆಂದದ್ದು ಪಕ್ಕದ ಬೀದಿಯಲ್ಲಿದ್ದ ಅಕ್ಕ ಪುಟ್ಟತಾಯಮ್ಮನ ಮನೆಯಲ್ಲಿ. ಒಳಗೆ ಅಲ್ಯೂಮಿನಿಯಂ ಪದರವಿರುವ ಕವರುಗಳನ್ನು ವರ್ಷಿಣಿ ಹುಡುಕಿ ತಂದಳು. ಲೋಹದಲ್ಲಿ ನುಸುಳಲು ದಾರಿಯಿಲ್ಲ ಎಂದಳು. ತುಂಬಿ, ಬಾಯಿ ಬೆಸೆದು, ಅಲ್ಲೇ ಜೋಡಿಸಿಟ್ಟರು. ಚಾಮುಂಡೇಶ್ವರಿ ಮಾತ್ರ ಒಂದು ಕವರ್ ಮನೆಗೆ ತಂದು ಹಸಿ ಊದುಬತ್ತಿಯ ರಾಶಿಯೊಳಗೆ ಹುದುಗಿಸಿಟ್ಟಳು.

"ನಿಂಗೇನು ತಲೆ ಕೆಟ್ಟಿದ್ದಾ?" ಎಂದು ಮಹದೇವು ಬೈದ.

"ಮದ್ವೆ ಮನೇಲಿ ಊದುಬತ್ತಿ ಹಚ್ಚಲ್ವಾ? ಇಲ್ಲಿ ತಡೀನಿಲ್ಲ ಅಂದ್ರೆ ಅಲ್ಲೆಂಗೆ ತಡ್ದದು?" ಎಂದಳು.

ವಾರ ಕಳೆದ ಮೇಲೆ ಅದೇ ಕವರನ್ನು ಒರೆಸಿಕೊಂಡು ಲಕ್ಷ್ಮೀಪುರಂಗೆ ಹೋದಳು. ಪಾರ್ವತಮ್ಮ ಕತ್ತರಿಸಿ, ಮೂಗಿನ ಹತ್ತಿರ ಹಿಡಿದು, ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಗಂಧದ ಸುಳಿವೇ ಇಲ್ಲ. ಈ ಸಲ ಊದುಬತ್ತಿಯಿಂದ ದೂರ ಇಟ್ಟಿದ್ರಾ?"

"ಇಲ್ಲ ಕಣ್ರಮ್ಮ. ಊದುಬತ್ತಿ ರಾಶಿ ಒಳಗೇ ಹೂತಾಕಿದ್ದೆ," ಎಂದಳು ಚಾಮುಂಡೇಶ್ವರಿ, ತಲೆ ಎತ್ತಿಕೊಂಡೇ.

ಪಾರ್ವತಮ್ಮ ಅವಳನ್ನೊಮ್ಮೆ ನೋಡಿ, ಕವರನ್ನು ಹಿಂದೆ ಮುಂದೆ ತಿರುಗಿಸಿದರು. "ಇದ್ರ ಮೇಲೆ ನಿಮ್ಮ ಹೆಸರೇ ಇಲ್ವಲ್ರೀ. ಮದುವೆಗೆ ಕೊಡೋದ್ರ ಮೇಲೆಲ್ಲ ದೊಡ್ಡದಾಗಿ ಹಾಕ್ಸಿ. ಯಾರು ಮಾಡಿದ್ದು ಅಂತ ಬೀಗರು ಕೇಳೇ ಕೇಳ್ತಾರೆ."