ಹೊಳೆ ದಾಟಿಸಿದ ಸಿಸ್ಟರ್

ಹತ್ತೂ ಬೆರಳಿನ ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡ ಕೈಗಳು ಅವು. ಕೈಯಲ್ಲಿ ಬಳೆ ಇರುತ್ತಿರಲಿಲ್ಲ, ಬಳೆ ಇರಬೇಕಾದ ಕಡೆ ಹಸಿರು ಹಚ್ಚೆ ಇತ್ತು. ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಸಿಸ್ಟರ್ ಆ ಎರಡು ಅಂಗೈಗಳನ್ನು ಚೆನ್ನಾಗಿ ತಿಕ್ಕಿ, ತಮ್ಮ ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಿದ್ದರು. ಬಿಸಿ ಸಾಲದಿದ್ದರೆ ಮತ್ತೆ ತಿಕ್ಕುತ್ತಿದ್ದರು. "ತಣ್ಣನ ಕೈ ಇಟ್ರ ಹೊಟ್ಟಿ ಬಿಗಿ ಹಿಡೀತದ. ಬಿಗಿ ಹಿಡಿದ ಹೊಟ್ಟಿ ಸುಳ್ಳು ಹೇಳ್ತದ" ಎನ್ನುವುದು ಅವರ ಮಾತು.

ನಮ್ಮೂರಿನ ಉಪಕೇಂದ್ರದ ನರ್ಸು ಅವರು. ಊರಿಗೆಲ್ಲ ಸಿಸ್ಟರ್, ಮುದುಕಿಯರ ಬಾಯಲ್ಲಿ ನರ್ಸಬಾಯಿ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲೂ ಕರೆಯುವುದಿಲ್ಲ. ಚಿಂಚೋಳಿಗೂ ಸೇಡಂಗೂ ನಡುವೆ, ಕಾಗಿಣಾ ಹೊಳೆಯ ಈಚೆ ದಂಡೆಗೆ ನಮ್ಮೂರು. ಸೇಡಂ ಆಚೆ ಕಡೆಗೆ. ಮದುವೆಯಾಗಿ ನಾನು ಸೇರಿದ್ದು ವಾಡಿಯ ರೈಲ್ವೆ ಕ್ವಾರ್ಟರ್ಸು. ಏಳನೇ ತಿಂಗಳಲ್ಲಿ ಅಲ್ಲಿ ಕುಬುಸದ, ಅಂದರೆ ಸೀಮಂತದ, ಕಾರ್ಯ ಮುಗಿಸಿ, ಚೊಚ್ಚಲ ಬಾಣಂತನ ತವರಿನದೇ ಎಂದು ಅವ್ವ ನನ್ನನ್ನು ಊರಿಗೆ ಕರೆತಂದಳು. ಮರುದಿನವೇ ಸಿಸ್ಟರ್ ನಮ್ಮ ಹೊಸ್ತಿಲಲ್ಲಿ ಹಾಜರು. ನಾನು ಕುಬುಸದ ಹಸಿರು ಸೀರೆಯ ಮಡಿಕೆ ಬಿಚ್ಚಿ ತೋರಿಸಲು ಹೋದರೆ, "ಮೊದಲ ತಾಯಿ ಕಾರ್ಡ್ ತೋರ್ಸು. ಸೀರಿ ಆಮ್ಯಾಲ ತೋರ್ಸುವಂತಿ" ಎಂದರು.

ಮೆತ್ತಗೆ ಮಾತಾಡುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಒಳ್ಳೆ ಜೋಡಿ! ನಾನು ಅಂಗಾತ ಮಲಗಿದ್ದು ಕಂಡರೆ ಬಾಗಿಲಿನಿಂದಲೇ ಕೂಗುತ್ತಿದ್ದರು: "ಎಡಮಗ್ಗಲಾಗು! ಕೂಸಿಗಿ ರಕ್ತ ಹೋಗೋ ದಾರಿ ಮ್ಯಾಲ ನೀನೇ ಬಿದ್ದೀದಿ." ಉಂಡ ಮೇಲೆ ಗೋಡೆಗೊರಗಿ ಕೂತು ಕೂಸಿನ ಒದೆತ ಎಣಿಸಬೇಕು, ಸಂಜೆ ಹೊಲದ ದಾರಿಯಲ್ಲಿ ನಡೆಯಬೇಕು, ಹಳೆ ಸೀರೆಯ ತುಂಡುಗಳನ್ನು ಒಗೆದು ಬಿಸಿಲಿಗೆ ಒಣಗಿಸಿ ಗಂಟು ಕಟ್ಟಿಡಬೇಕು. ಉಸಿರು ಬಿಡುವುದನ್ನೂ ಅವರೇ ಕಲಿಸಿದರು. "ಬ್ಯಾನಿ ಬಂದಾಗ ಹಲ್ಲು ಕಚ್ಚಬ್ಯಾಡ. ಬಾಯಿ ಬಿಗಿದ್ರ ಕೆಳಗೂ ಬಿಗೀತದ. ಬಾಯಿ ತೆರದು ಉಫ್ ಅನ್ನು" ಎಂದು ನಮ್ಮ ಪಡಸಾಲೆಯಲ್ಲಿ ತಾವೇ ಕೂತು ಉಫ್ ಉಫ್ ಎಂದು ತೋರಿಸಿದಾಗ ಅಪ್ಪ ಎದ್ದು ಹೊರಗೆ ಹೋದ.

ಹೆರಿಗೆ ಹೊತ್ತಿಗೆ ಬೇಕೆಂದು ಜೀಪಿನವನ ನಂಬರನ್ನು ಇದ್ದಿಲಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ನನ್ನ ಗಂಡನಿಗೆ ಫೋನು ಹಚ್ಚಿಸಿ ಕೇಳಿದರು:

"ಅಳಿಯರ, ನಿಮ್ಮ ರಕ್ತದ ಗುಂಪು ಯಾವುದ್ರಿ?"

"ಓ ಪಾಸಿಟಿವ್ ಇರಬಹುದ್ರಿ."

"ಇರಬಹುದು ನಡ್ಯಂಗಿಲ್ಲ. ನಾಳೆ ಪರೀಕ್ಷಾ ಮಾಡ್ಸಿ ಖರೇ ಏನದ ಅದು ಹೇಳ್ರಿ."

ಪಾಪ, ರೈಲಿಗೆ ಹಸಿರು ಬಾವುಟ ತೋರಿಸುವ ಮನುಷ್ಯ ಮರುದಿನ ಹೋಗಿ ಬೆರಳು ಚುಚ್ಚಿಸಿಕೊಂಡು ಬಂದ.

ಸಿಸ್ಟರ್ ಚೀಲದಲ್ಲಿ ಬಿಪಿ ಮಷಿನು, ಅಳತೆ ಪಟ್ಟಿ, ಕಬ್ಬಿಣದ ಗುಳಿಗೆಗಳ ಜೊತೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ಇರುತ್ತಿದ್ದವು. ಇದ್ಯಾಕ್ರಿ ಸಿಸ್ಟರ್ ಎಂದು ಕೇಳಿದ್ದೆ. "ಇದು ಸರ್ಕಾರ ಕೊಟ್ಟದ್ದಲ್ಲ, ನಾನೇ ಇಟ್ಕೊಂಡೀನಿ. ನಮ್ಮ ಕಡಿ ಇದೂ ಬೇಕಾಗ್ತದ" ಎಂದರೇ ಹೊರತು ಬಿಡಿಸಿ ಹೇಳಲಿಲ್ಲ.

ಒಂಬತ್ತು ತಿಂಗಳು ಬಿದ್ದ ಮೊದಲ ವಾರ ಹೊಟ್ಟೆ ನೋಡಲು ಬಂದರು. ಮೇಲೆ ಒತ್ತಿದರು, ಎರಡು ಪಕ್ಕ ಒತ್ತಿದರು, ಕೆಳಗೆ ಬೆರಳಿಟ್ಟು ಹುಡುಕಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಬಾಯಿ ಮುಚ್ಚದ ಹೆಂಗಸು ಬಾಯಿ ಮುಚ್ಚಿದ್ದು ನೋಡಿ, ಏನಾತ್ರಿ ಸಿಸ್ಟರ್ ಎಂದೆ.

"ಕೂಸು ಕುಂತದ. ತಲಿ ಮ್ಯಾಲದ, ಕುಂಡಿ ಕೆಳಗದ. ಇಷ್ಟೊತ್ತಿಗೆ ತಲಿ ಕೆಳಗ ಬರಬೇಕಿತ್ತು."

ಅವ್ವ ಅಷ್ಟೇನೂ ಗಾಬರಿಯಾಗಲಿಲ್ಲ. "ಹಂಗಿದ್ರ ಹಿಂದಿನ ಓಣಿ ಸೂಲಗಿತ್ತಿ ಆಯಿನ ಕರಸ್ತೀನ್ರಿ. ಔಡಲೆಣ್ಣಿ ಹಚ್ಚಿ ತಿಕ್ಕಿ ಹೊಳ್ಳಿಸಿ ಬಿಡ್ತಾಳ" ಎಂದಳು.

"ಯಾರರ ಈ ಹೊಟ್ಟಿ ತಿಕ್ಕಿದ್ರ ನನ್ನ ಕಾಲಾಗಿನ ಚಪ್ಪಲಿ ಕೈಯಾಗ ಬರ್ತದ ನೋಡ್ರಿ!" ಸಿಸ್ಟರ್ ಎದ್ದೇ ನಿಂತರು. "ಒಳಗ ಹೊಕ್ಕಳ ಹುರಿ ಎಲ್ಲಿ ಸುತ್ಕೊಂಡದ ಆ ಆಯಿಗಿ ಕಾಣ್ತದೇನು? ಒಂದು ವಾರ ನೋಡೋಣ. ತಾನೇ ಹೊಳ್ಳಿದ್ರ ಛಲೋ ಆತು. ಇಲ್ಲಂದ್ರ ಬ್ಯಾನಿ ಬರೋದಕ್ಕ ಮೊದಲ ಸೇಡಂಗೆ ಹೋಗಿ ಇರಬೇಕು. ಅಲ್ಲಿ ಆಪರೇಷನ್ ಮಾಡೋ ಡಾಕ್ಟರ್ ಅದಾರ."

ಸೇಡಂ ಎಂದದ್ದೇ ಅವ್ವನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಒಂಬತ್ತು ಬಿದ್ದ ಬಸುರಿಯನ್ನು ಹೊಳೆ ದಾಟಿಸುವುದಿಲ್ಲ. ದಾಟಿಸಿದರೆ ಗಂಗವ್ವ ಕೂಸನ್ನು ಕೇಳುತ್ತಾಳೆ ಎನ್ನುತ್ತಾರೆ. ಬೇರೆಯವರಿಗೆ ಅದು ಬರೀ ಹೇಳಿಕೆ ಮಾತು, ಅವ್ವನಿಗೆ ಹಾಗಲ್ಲ. ನನಗಿಂತ ಮೊದಲು ಅವಳಿಗೆ ಒಂದು ಗಂಡು ಕೂಸು ಹುಟ್ಟಿ, ಒಂದು ದಿನವೂ ಬದುಕಲಿಲ್ಲ. ಅದಕ್ಕೆ ಎಂಟು ದಿನ ಮುಂಚೆ ಅವಳು ಹೊಳೆ ದಾಟಿ ಬಳಗದವರ ಮದುವೆಗೆ ಹೋಗಿಬಂದಿದ್ದಳಂತೆ. "ಆಗಂಗಿಲ್ಲರಿ ಸಿಸ್ಟರ್. ಏನ ಬೇಕಾದ್ದು ಹೇಳ್ರಿ, ಹೊಳಿ ದಾಟಸೂದು ಒಂದು ಹೇಳಬ್ಯಾಡ್ರಿ" ಎಂದು ಅವ್ವ ಒಳಗೆ ಹೋದಳು.

ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡಲಿಲ್ಲ. ಕೂಸು ಹೊಳ್ಳಲೂ ಇಲ್ಲ. ಪಕ್ಕೆಲುಬಿನ ಕೆಳಗೆ ಗುಂಡಗೆ ಒತ್ತುತ್ತಲೇ ಇತ್ತು. ಒಂದು ಮಧ್ಯಾಹ್ನ ನನ್ನ ತಾಳ್ಮೆ ತಪ್ಪಿತು. "ನಿನ್ನ ಹಟಕ್ಕ ನನ್ನ ಕೂಸೂ ಸಾಯ್ಬೇಕೇನು?" ಎಂದು ಅವ್ವನ ಮೇಲೆ ಚೀರಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು, ಮತ್ತೆ ಬಡಿಯತೊಡಗಿದಳು. ಅಂಥ ಮಾತು ಆಡಬಾರದಿತ್ತು.

ವಾರ ತುಂಬಿದ ದಿನ ಸಿಸ್ಟರ್ ಬಂದು ನನ್ನನ್ನು ಮಲಗಿಸಿದರು. ಆದರೆ ತಾವು ಮುಟ್ಟಲಿಲ್ಲ. ಅವ್ವನನ್ನು ಕರೆದರು. "ಬರ್ರಿ ಇಲ್ಲಿ, ಕುಂದ್ರಿ. ಕೈ ತಿಕ್ಕಿ ಬಿಸಿ ಮಾಡ್ಕೋರಿ." ಅವ್ವ ಒಲ್ಲದ ಮನಸ್ಸಿನಿಂದ ಕೂತಳು. ಸಿಸ್ಟರ್ ಅವಳ ಕೈ ಹಿಡಿದು ನನ್ನ ಪಕ್ಕೆಲುಬಿನ ಕೆಳಗೆ ಇಟ್ಟರು.

"ಏನು ಹತ್ತಲಿಕತ್ತದ?"

"ಗುಂಡಗದ. ಗಟ್ಟಿ ಅದ."

"ಜರಾ ಈ ಕಡಿ ಆ ಕಡಿ ಅಲ್ಲಾಡ್ಸಿ ನೋಡ್ರಿ. ಅದೊಂದೇ ಅಲ್ಲಾಡತದೋ ಇಡೀ ಕೂಸು ಅಲ್ಲಾಡತದೋ?"

ಅವ್ವ ಮೆಲ್ಲಗೆ ಅಲ್ಲಾಡಿಸಿದಳು. "ಅದೊಂದೇ…" ಎಂದಳು.

"ಅದು ತಲಿ. ಕುತ್ತಿಗಿ ಇರೋದು ತಲಿಗೆ, ಕುಂಡಿಗಲ್ಲ." ಸಿಸ್ಟರ್ ಅವಳ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. "ನಂದೊಂದೇ ಕೈ ನಂಬಬ್ಯಾಡ್ರಿ. ಹೊಸದಾಗಿ ನೌಕರಿಗೆ ಬಂದಾಗ ಕುಂಡಿನ ತಲಿ ಅಂದ್ಕೊಂಡು, ಎಲ್ಲಾ ಛಂದದ ಮನ್ಯಾಗ ಹಡೀವಾ ಅಂತ ಒಬ್ಬಾಕಿಗಿ ಹೇಳಿದ್ದೆ. ತಾಯಿ ಉಳದಳು, ಕೂಸು ಉಳೀಲಿಲ್ಲ. ಅವತ್ತಿಂದ ಎರಡೆರಡು ಸಲ ನೋಡ್ತೀನಿ. ನಿಮ್ಮ ಕೂಸು ಹೊಳಿ ದಾಟಿದ್ದಕ್ಕ ಹೋತೋ ಬ್ಯಾರೆ ಏನರ ಆತೋ ನನಗ ಗೊತ್ತಿಲ್ಲ, ಸುಳ್ಳು ಹೇಳಂಗಿಲ್ಲ. ಆದ್ರ ಈ ಕೂಸು ಹಿಂಗ ಕುಂತದ್ದು ನಿಮ್ಮ ಕೈಗೇ ಹತ್ತೇದ. ಕಾಲು ಮೊದಲು ಬಂತಂದ್ರ ತಲಿ ಒಳಗ ಸಿಕ್ಕೋತದ. ಆವಾಗ ಜೀಪಿನವಗ ಫೋನ್ ಹಚ್ಚಿದ್ರ ಏನು ಉಪಯೋಗ ಆಗಂಗಿಲ್ಲ."

ಅವ್ವ ಕೈ ತೆಗೆಯಲಿಲ್ಲ. "ಗಂಗವ್ವಗ ಏನಂತ ಹೇಳ್ಲಿರಿ?" ಎಂದು ಕೇಳಿದಳು.

"ಉಡಿ ತುಂಬಿ ಹೇಳೋಣ. ಆಕೀನೂ ಹೆಣ್ಣು, ತಿಳ್ಕೋತಾಳ" ಎಂದರು ಸಿಸ್ಟರ್. ಚೀಲದಿಂದ ಆ ಖಣ, ಕಾಯಿ ತೆಗೆದು ಅವ್ವನ ಮುಂದಿಟ್ಟರು. ನನಗಿಂತ ಮೊದಲು ಎಷ್ಟು ಮಂದಿಯನ್ನು ಹೀಗೆ ದಾಟಿಸಿದ್ದರೋ ಏನೋ!

ಎರಡು ದಿನ ಬಿಟ್ಟು ಮುಂಜಾನೆ ಹೊರಟೆವು. ಸಿಸ್ಟರ್ ಅರ್ಧ ದಿನ ರಜೆ ಹಾಕಿ ಬಂದರು. ಸೇತುವೆಯ ಹತ್ತಿರ ಜೀಪು ನಿಲ್ಲಿಸಿ ಅವ್ವನನ್ನು ನೀರಿಗೆ ಇಳಿಸಿದರು. ನಾನು ದಂಡೆಯ ಮೇಲೆ ನಿಂತಿದ್ದೆ. ಖಣ, ಕಾಯಿ, ಎಲೆ ಅಡಿಕೆ, ಅರಿಶಿಣ ಕುಂಕುಮ ಎಲ್ಲವನ್ನೂ ಅವ್ವ ಒಂದೊಂದಾಗಿ ನೀರಿಗೆ ಬಿಟ್ಟಳು. "ನನ್ನವ್ವಾ, ಒಂದು ತಗೊಂಡೀದಿ. ಇದೊಂದು ಬಿಡು" ಎಂದಳು. ಸಿಸ್ಟರ್ ತಲೆಯ ಮೇಲೆ ಸೆರಗು ಹೊದ್ದು ಅವಳ ಬೆನ್ನ ಹಿಂದೆ ಕೈಮುಗಿದು ನಿಂತಿದ್ದರು. ನಂತರ ಎಂದಿನ ಗಂಟಲಿನಲ್ಲಿ, "ಮುಗೀತಿಲ್ಲೊ? ಹತ್ರಿ, ಬಿಸಿಲು ಏರ್ಲಿಕತ್ತದ" ಎಂದರು.

ಸೇಡಮ್ಮಿನ ದವಾಖಾನೆಯ ಹತ್ತಿರವೇ ನಮ್ಮ ಚಿಗವ್ವನ ಮನೆ. ಡಾಕ್ಟರು ಸ್ಕ್ಯಾನ್ ಮಾಡಿ, ಕೂಸು ಕೂತಿರುವುದು ನಿಜ ಎಂದು ಮುಂದಿನ ವಾರ ಆಪರೇಷನ್ನಿಗೆ ದಿನ ಕೊಟ್ಟರು. ಅಲ್ಲಿಯತನಕ ಅದು ಕಾಯಬೇಕಲ್ಲ! ನಾಲ್ಕನೇ ದಿನ ಬೆಳಿಗ್ಗೆ ಪುಂಡಿಪಲ್ಲೆ ಸೋಸುತ್ತ ಕೂತವಳಿಗೆ ನೀರು ಒಡೆಯಿತು. ನೀರು ಹೋದರೆ ನಡೆಯಬೇಡ, ಮಗ್ಗಲಾಗಿ ಮಲಗಿಯೇ ಹೋಗು ಎಂದು ಸಿಸ್ಟರ್ ನೂರು ಸಲ ಹೇಳಿದ್ದರು. ಆಟೋದ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು ಉಫ್ ಎನ್ನುತ್ತ ಹೋದೆ. ದವಾಖಾನೆ ಮುಟ್ಟುವಷ್ಟರಲ್ಲಿ ಒಂದು ಪುಟ್ಟ ಪಾದ ಕೆಳಗೆ ಇಳಿದಿತ್ತು. ಕೂಡಲೇ ಒಳಗೆ ಕರೆದೊಯ್ದರು. ನನ್ನ ಮಗಳು ಅತ್ತದ್ದನ್ನು ಬಾಗಿಲ ಹೊರಗಿದ್ದ ಅವ್ವ ಮೊದಲು ಕೇಳಿದಳಂತೆ. "ಊರಲ್ಲೇ ಇದ್ದಿದ್ದರೆ ಕೂಸು ಕೈಗೆ ಸಿಗುತ್ತಿರಲಿಲ್ಲ" ಎಂದರು ಡಾಕ್ಟರು.

ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಉಪಕೇಂದ್ರಕ್ಕೆ ಹೋಗಿ ಸಿಸ್ಟರ್ ಕಾಲಿಗೆ ಬಿದ್ದೆ. ಅವರು ಹಿಂದೆ ಸರಿದರು.

"ನನಗ್ಯಾಕ ಬೀಳ್ತಿ? ಹೇಳೋದು ನನ್ನ ಕೆಲಸ, ಪಗಾರ ತಗೋತೀನಿ. ಒಂದು ಕೂಸಿನ ಮಣ್ಣಿಗಿಟ್ಟಾಕಿ ಅದೇ ಹೊಳಿ ಮುಂದ ಮಗಳನ್ನ ಕರ್ಕೊಂಡು ಬಂದು ನಿಂತಳಲ್ಲ, ಅದು ಸಣ್ಣ ಮಾತಲ್ಲ. ಬೀಳೂದಿದ್ರ ನಿಮ್ಮವ್ವನ ಕಾಲಿಗಿ ಬೀಳು."

ನಾನು ನಕ್ಕು ಬಂದೆ. ಅವ್ವನ ಕಾಲಿಗೆ ಯಾರು ಬೀಳುತ್ತಾರೆ! ಹಬ್ಬ ಹುಣ್ಣಿಮೆಗೆ ಬಿದ್ದದ್ದು ಬೇರೆ ಮಾತು.

ಸಿಸ್ಟರ್ ನಿವೃತ್ತರಾಗಿ ಶಹಾಬಾದದ ಮಗನ ಮನೆ ಸೇರಿದರು. ನನ್ನ ಮಗಳು ಈಗ ಆರನೇ ಇಯತ್ತೆ ಓದುತ್ತಿದ್ದಾಳೆ. ಕಳೆದ ವರ್ಷ, ಎದೆನೋವು ಬಂದು ಸಿಸ್ಟರ್ ತೀರಿಕೊಂಡರೆಂದು ಸುದ್ದಿ ಬಂತು. ವಾಡಿಯಿಂದ ಶಹಾಬಾದು ದೂರವಿಲ್ಲ. ಮಗಳನ್ನು ಕರೆದುಕೊಂಡು ಹೋದೆ. ಅಂಗಳದ ತುಂಬ ಹೆಂಗಸರು, ಅವರ ಕಂಕುಳಲ್ಲಿ, ಪಕ್ಕದಲ್ಲಿ ಮಕ್ಕಳು. ಗಂಡಸರಿಗೆ ನಿಲ್ಲಲು ಜಾಗವಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಅವ್ವನಿಗೆ ಫೋನು ಹಚ್ಚಿದೆ. ಮಣ್ಣಾದ ವಿಷಯ ಹೇಳಿದೆ. ಆಮೇಲೆ, "ಅವ್ವಾ, ಆವತ್ತು ನಾ ಭಾಳ ಕೆಟ್ಟ ಮಾತು ಆಡಿದ್ದೆ. ನೀ ಹೊಳಿ ದಾಟಿಸಿದಿ ಅಂತ ನನ್ನ ಮಗಳು ಅದಾಳ" ಎಂದೆ.

"ನನಗ ಆವತ್ತು ಭಾಳ ಅಂಜಿಕಿ ಬಂದಿತ್ತು, ಮಗಾ" ಎಂದಳು ಅವ್ವ. ಹನ್ನೊಂದು ವರ್ಷ ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಇಬ್ಬರೂ ಫೋನು ಹಿಡಿದುಕೊಂಡೇ ಅತ್ತೆವು.