ಅಕ್ಕೋರು ಮತ್ತು ಹೆಡ್ ಮಾಸ್ತರರ ಕುರ್ಚಿ

ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಣಗಿದ ಬೇವಿನೆಲೆಯ ವಾಸನೆ. ಒಳಗೆ ತೀರಿಹೋದ ಅಪ್ಪನ ಸುತ್ತಿಟ್ಟ ರುಮಾಲು. ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಮೊನ್ನೆ ನನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ. ಆ ಹುಮ್ಮಸ್ಸಿನಲ್ಲಿ ರುಮಾಲನ್ನು ತಲೆಗಿಟ್ಟು ಕನ್ನಡಿ ನೋಡಿದೆ. ಮೂಗಿನವರೆಗೆ ಇಳಿಯಿತು. ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಕಡೆ ಮೊದಲು ಪಂತೋಜಿಗಳಿದ್ದರು. ಸರಕಾರಿ ಶಾಲೆ ಬಂದ ಮೇಲೆ ಅವರೇ ಮಾಸ್ತರರಾದರು, ಅವರಲ್ಲಿ ಹಿರಿಯರು ಹೆಡ್ ಮಾಸ್ತರರಾದರು. ಹೆಸರು ಬದಲಾಯಿತು, ರುಮಾಲು ಬದಲಾಗಲಿಲ್ಲ. ಹೆಂಗಸೊಬ್ಬಳು ಕಲಿಸಲು ನಿಂತಾಗ ಏನೆಂದು ಕರೆಯಬೇಕೋ ಊರಿಗೆ ತಿಳಿಯದೆ ಅಕ್ಕೋರು ಎಂದಿತು. ಪ್ರೀತಿಯ ಮಾತೇ, ಇಲ್ಲವೆನ್ನಲಾರೆ. ಆದರೆ ಅಕ್ಕನಿಗೆ ಕುರ್ಚಿ ಕೊಡುವವರು ಯಾರು ಹೇಳಿ?

ನಮ್ಮ ಅಕ್ಕೋರು ಕಾಶವ್ವ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮನೆಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹುಡುಗಿಯರನ್ನು ಕರೆತಂದು ಇದೇ ಶಾಲೆ ಕಟ್ಟಿದರು. ಮುಖ್ಯಸ್ಥರ ಜಾಗ ತಮಗೇ ಸಿಗುತ್ತದೆಂದು ಕಾದಿದ್ದರು. ಅಷ್ಟರಲ್ಲಿ ವಿದ್ಯಾಖಾತೆಯ ಡೆಪ್ಯುಟಿ ಸಾಹೇಬರ ತಪಾಸಣೆ ಬಂತು. ರುಮಾಲಿಲ್ಲದ ತಲೆ ಸಾಹೇಬರನ್ನು ಎದುರುಗೊಳ್ಳಬಾರದೆಂಬುದು ಊರಿನ ರೂಢಿ. ಹಾಗಾಗಿ ಗಂಡುಮಕ್ಕಳ ಶಾಲೆಯ ಹೆಡ್ ಮಾಸ್ತರನಾಗಿದ್ದ ನನ್ನ ಅಪ್ಪನನ್ನು ಹಿರಿಯರು ಅಂದಿನ ಮಟ್ಟಿಗೆ ನಮ್ಮ ಶಾಲೆಯ ಕುರ್ಚಿಯಲ್ಲಿ ಕೂರಿಸಿದರು. ಅಕ್ಕೋರು ಬಾಗಿಲ ಬಳಿ ನಿಂತರು. ಅಲ್ಲಿ ಓದುತ್ತಿದ್ದ ನಾವು ಹುಡುಗಿಯರು ಪಾಠ ಒಪ್ಪಿಸಿದೆವು, ಬಾಯಿಲೆಕ್ಕ ಹೇಳಿದೆವು. ಸಾಹೇಬರು ಮೆಚ್ಚಿ, ಶಾಲೆಯನ್ನು ಇಷ್ಟು ಚೆನ್ನಾಗಿ ನಡೆಸುವವರು ಯಾರೆಂದು ಕೇಳಿದರು. ಅಪ್ಪ ಒಮ್ಮೆ ಬಾಗಿಲ ಕಡೆ ನೋಡಿದ.

“ನಾನ ನೋಡ್ಕೋತೇನ್ರಿ, ಸಾಹೇಬ್ರ,” ಎಂದ.

ಎರಡೂ ಶಾಲೆಗಳ ಹೆಡ್ ಮಾಸ್ತರಿಕೆ ಅವನ ಪಾಲಾಯಿತು. ಅಕ್ಕೋರು ಅವನ ಕೈಕೆಳಗೆ ಸಹಾಯಕಿಯಾಗಿಯೇ ಮುದುಕಿಯಾದರು. ಅಪ್ಪ ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಆವತ್ತು ಮನೆಗೆ ಪೇಢೆ ತಂದಿದ್ದ, ನನ್ನನ್ನು ಓದಿಸಿದವನೂ ಅವನೇ. ಅವನನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ರುಮಾಲನ್ನು ಒಳಗಿಟ್ಟು ಗುಡೂರಿಗೆ ಹೊರಟೆ. ಅಕ್ಕೋರು ಈಗ ಅಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಕಟ್ಟೆಯ ಮೇಲೆ ಕೂತಿದ್ದ ಅವರಿಗೆ ನಾನು ಮುಖ್ಯಸ್ಥೆಯಾದ ಸುದ್ದಿ ಹೇಳಿದೆ. ಹಿಗ್ಗಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು. ಕೂತುಕೊಳ್ಳಿರೆಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

“ನೀವು ಮೊದ್ಲ ಕೂಡ್ರಿ, ಹೆಡ್ ಮಾಸ್ತರ್ರ,” ಎಂದರು. “ನಾ ಆಮ್ಯಾಲೆ ಕೂಡ್ತೇನಿ.”

ನನ್ನನ್ನು ಯಾವಾಗಲೂ ನೀ ಎನ್ನುತ್ತಿದ್ದವರು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಗೋಡೆ ಹಿಡಿದ ಕೈ ಬಿಟ್ಟಿರಲಿಲ್ಲ. ಅವರು ನಿಂತೇ ಇದ್ದರು. ಅಪ್ಪನ ಮಗಳು ನಾನು, ಮೊದಲು ಕೂತೆ.